ಆಗಸ್ಟ್ ಸೆಖೆಯಲ್ಲಿ ಹಿಮದ ಬೂಟು

ಚಳಿಗೆ ಹೆಸರಾದ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಆ ಶಾಲೆಗೆ ಕಟ್ಟಡಗಳು ಎರಡು, ನಡುವೆ ಬಯಲು. ವೇಳಾಪಟ್ಟಿ ಹಾಕುವ ಹೊಸ ಸಾಫ್ಟ್‌ವೇರನ್ನು ಪರೀಕ್ಷಿಸುವ ಹೊಣೆ ಉಪಮುಖ್ಯೋಪಾಧ್ಯಾಯಿನಿ ಡಾರ್ಲೀನಳ ಹೆಗಲಿಗೆ ಬಿದ್ದಿತ್ತು. ಅದನ್ನು ತಯಾರಿಸಿದ ನೊಯೆಮಿ, ಶಾಲೆ ತೆರೆಯುವ ಮುಂಚೆ ಆಗಸ್ಟಿನಲ್ಲಿ ಬಂದು, ನೆರೆದಿದ್ದ ಮೇಷ್ಟ್ರುಗಳ ಮುಂದೆ "ನೋಡಿ, ಒಂದು ಪಾಠದ ಮೇಲೆ ಇನ್ನೊಂದು ಬಿದ್ದೇ ಇಲ್ಲ" ಎಂದು ಬೀಗಿದಳು.

ಪರದೆಯ ಬಣ್ಣಬಣ್ಣದ ಚೌಕಗಳು ಡಾರ್ಲೀನಳಿಗೂ ಹಿಡಿಸಿದವು. ಆದರೆ ಹಿಂದಿನ ಚಳಿಗಾಲದಲ್ಲಿ ಒಂದು ಪಾಠ ಮುಗಿಸಿ ಇನ್ನೊಂದಕ್ಕೆ ಆಚೆ ಕಟ್ಟಡದಿಂದ ಏದುಸಿರು ಬಿಡುತ್ತ ತಡವಾಗಿ ಬರುತ್ತಿದ್ದ ಮಕ್ಕಳು ಕಣ್ಣಮುಂದೆ ಬಂದರು.

"ಚೆನ್ನಾಗಿದೆ ಕಣಮ್ಮ. ಈಗ ನಡೆದು ನೋಡೋಣ," ಎಂದು ದಪ್ಪ ಕೋಟು, ಹಿಮದ ಬೂಟುಗಳನ್ನು ತಂದು ಸುರಿದಳು.

"ಈ ಸೆಖೇಲಾ? ತಲೆ ನೆಟ್ಟಗಿದೆಯೇನ್ರೀ?" ಎಂದರು ವ್ಯಾಯಾಮದ ಮೇಷ್ಟ್ರು ಫ್ರೀಸನ್.

"ಜನವರೀಲಿ ಮಕ್ಕಳು ಹೀಗೇ ಹೋಗೋದು. ಸುಮ್ನೆ ಹಾಕ್ಕೊಳ್ರೀ."

ಡಾರ್ಲೀನ್ ಗಂಟೆ ಹೊಡೆದಳು. ಮೇಷ್ಟ್ರುಗಳೆಲ್ಲ ಮಕ್ಕಳಾಗಿ ಕೋಟು ತೊಟ್ಟು, ಬೂಟು ಬಿಗಿದು, ಬಯಲು ದಾಟಿ, ಮತ್ತೆ ಎಲ್ಲ ಕಳಚುವಷ್ಟರಲ್ಲಿ ವೇಳಾಪಟ್ಟಿಯ ಪ್ರಕಾರ ಗಣಿತದ ಪಾಠ ಶುರುವಾಗಿ ಎಷ್ಟೋ ಹೊತ್ತಾಗಿತ್ತು. ಬೆವರಿನಲ್ಲಿ ಮಿಂದ ನೊಯೆಮಿಯ ಒಂದು ಬೂಟು ಕಾಲಿನಿಂದ ಬರಲೇ ಇಲ್ಲ. ಹಿಡಿದೆಳೆದ ಫ್ರೀಸನ್ ಬೂಟಿನ ಸಮೇತ ಹಿಂದಕ್ಕೆ ಬಿದ್ದರು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಕಟ್ಟಡ ಬದಲಾಗೋ ಕಡೆ ಬೂಟಿಗೂ ಹೊತ್ತು ಕೊಡಬೇಕು. ಅಷ್ಟೇ ನನ್ನ ಸಲಹೆ," ಎಂದಳು ಡಾರ್ಲೀನ್.

"ಕೊಟ್ಟೆ ಕಣ್ರೀ! ಮೊದಲು ನಂಗೊಂದು ಲೋಟ ನೀರು ಕೊಡಿ!" ಎಂದಳು ನೊಯೆಮಿ.

ಆ ಜನವರಿಯಲ್ಲಿ ಮೊಣಕಾಲುದ್ದ ಹಿಮ ಬಿದ್ದರೂ ಮಕ್ಕಳು ನೆಮ್ಮದಿಯಾಗಿ ಪಾಠಕ್ಕೆ ಬಂದು ಕೂತರು. ಕೆಲವರಿಗೆ ದಾರಿಯಲ್ಲಿ ಹಿಮದುಂಡೆ ಎಸೆಯುವಷ್ಟು ಪುರುಸೊತ್ತೂ ಸಿಕ್ಕಿತು. ಡಾರ್ಲೀನ್ ಕಂಡೂ ಕಾಣದವಳಂತೆ ಇದ್ದುಬಿಟ್ಟಳು.