ಮಾದಪ್ಪನ ಹೆಸರಿನ ಒಂದು ಸುತ್ತು

ಹರದನಹಳ್ಳಿಯ ಶಿವಮಲ್ಲು ಮೂವತ್ತು ವರ್ಷ ಗುಂಡ್ಲುಪೇಟೆಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತಿ ಜೀವ ಕೊಟ್ಟವನು. ಅವನು ಸುತ್ತಿದ ಮೋಟರು ಮತ್ತೆ ಸುಟ್ಟಿತೆಂದು ದೂರು ತಂದವರು ಆ ಸೀಮೆಯಲ್ಲೇ ಕಮ್ಮಿ. ಸುತ್ತಿನ ಲೆಕ್ಕ ಮುಗಿದ ಮೇಲೆ "ಉಘೇ ಮಾದಪ್ಪ" ಅಂದು ದೇವರ ಹೆಸರಲ್ಲಿ ಒಂದು ಸುತ್ತು ಹೆಚ್ಚಿಗೆ ಹಾಕುವುದು ಅವನ ಗುರು ಮರಿಮಲ್ಲಪ್ಪ ಕಲಿಸಿದ ಪದ್ಧತಿ. ಪಂಪಿಗೆ ಅದರಿಂದ ಕೆಡುಕೇನಿಲ್ಲ.

ಇಂಥವನನ್ನು ಹೋದ ವರ್ಷ ಚಾಮರಾಜನಗರದ ಹೊರಗೆ ಶೆಡ್ ಹಾಕಿದ ಖಾಸಗಿ ಕಂಪನಿಯೊಂದು ಹುಡುಕಿಕೊಂಡು ಬಂತು. ಪರಮಾಣು ಸಮ್ಮಿಲನವಂತೆ! ಸೂರ್ಯನ ಹೊಟ್ಟೆಯ ಬೆಂಕಿಯನ್ನು ಇಲ್ಲೇ ಹೊತ್ತಿಸಿ, ಕರೆಂಟು ಮಾಡಿ ಮಾರುತ್ತಾರಂತೆ. ಆ ಬೆಂಕಿಯನ್ನು ಯಾವ ಪಾತ್ರೆಯೂ ತಾಳದು. ಅಯಸ್ಕಾಂತದ ಬಲದಿಂದ ನಡುವೆ ತೇಲಿಸಿ ಹಿಡಿಯಬೇಕು. ಅದಕ್ಕೆ ಹದಿನಾರು ಸುರುಳಿ, ಒಂದೊಂದಕ್ಕೂ ತೊಂಬತ್ತಾರೇ ಸುತ್ತು. ಒಂದು ಹೆಚ್ಚಾದರೂ ಬೆಂಕಿ ವಾಲಿ ಗೋಡೆಗೆ ತಗಲುತ್ತದೆಂದು ಪಕ್ಕದ ಕುದೇರಿನವಳೇ ಆದ ಇಂಜಿನಿಯರ್ ನಯನಾ ಮೊದಲ ದಿನವೇ ಹೇಳಿದ್ದಳು.

ಹದಿನೈದು ಸುರುಳಿಯವರೆಗೂ ಶಿವಮಲ್ಲು ಮೈಯೆಲ್ಲ ಕಣ್ಣಾಗಿದ್ದ. ಹದಿನಾರನೆಯದು ಮುಗಿದ ಸಂಜೆ ಎಣಿಸುವ ಮೀಟರನ್ನು ಸೊನ್ನೆಗೆ ತಿರುಗಿಸಿ, ತುದಿ ಕಟ್ಟಿ ಬಸ್ಸು ಹತ್ತಿದ. ಊರು ಬರುವಷ್ಟರಲ್ಲಿ ನೆನಪಾಯಿತು. ಮೀಟರು ತಿರುಗಿಸಿದ ಮೇಲೆ ಬಾಯಿ "ಉಘೇ" ಅಂದಿತ್ತಲ್ಲ! ಬಾಯಿ ಅಂದಮೇಲೆ ಕೈ ಸುಮ್ಮನಿದ್ದೀತೇ?

ಬೆಳಿಗ್ಗೆ ಹತ್ತಕ್ಕೆ ಹದಿನಾರಕ್ಕೂ ತಂತಿ ಅಲುಗದಂತೆ ಅಂಟು ಹುಯ್ಯುತ್ತಾರೆ. ಅದು ಗಟ್ಟಿಯಾದರೆ ಬಿಚ್ಚಲು ಬ್ರಹ್ಮನಿಂದಲೂ ಆಗದು. ಈಗಾದರೆ ಹತ್ತು ನಿಮಿಷದ ಕೆಲಸ, ಆದರೆ ಬಾಯಿ ಬಿಡಬೇಕಲ್ಲ! ಹೇಳಿದರೆ ಕೆಲಸ ಹೋದೀತು, ಸಂಪಾದಿಸಿದ ಹೆಸರೂ ಹೋದೀತು. ಹೇಳದಿದ್ದರೆ ಕೇಳುವವರಿಲ್ಲ, ಕಾಗದದಲ್ಲಿ ತೊಂಬತ್ತಾರು ಅಂತಲೇ ಇದೆ.

"ನುಂಗ್ಕಂಡು ಕೂತ್ರೆ ಅನ್ನ ಇಳ್ದದಾ? ಓಗಿ ಏಳ್ಬುಡು," ಅಂದಳು ರಾತ್ರಿ ಎಲ್ಲ ಕೇಳಿಸಿಕೊಂಡ ಹೆಂಡತಿ ಕರಿಯಮ್ಮ.

ಬೆಳಿಗ್ಗೆ ಎಂಟಕ್ಕೇ ಹೋಗಿ ನಯನಾಳ ಮುಂದೆ ನಿಂತ. "ಮೇಡಮ್ಮೋರೆ, ತೆಪ್ಪಾಗದೆ. ಕೊನೇದ್ಕೆ ದೇವ್ರ ಸುತ್ತು ಒಂದ ಜಾಸ್ತಿ ಆಕ್ಬುಟ್ಟಿವ್ನಿ."

ಅವಳ ಮುಖ ಬಿಳಿಚಿತು. "ಮಿಕ್ಕ ಹದಿನೈದು?"

"ಆಕಿಲ್ಲ ಅನ್ಕಂಡಿವ್ನಿ ಕಣ್ರವ್ವ. ಆದ್ರೆ ಈ ಕೈಯ ನಂಬಕ್ಕಾಗದಾ?"

ಇಬ್ಬರೂ ಕೂತು ಒಂದೊಂದೇ ಎಳೆ ಮುಟ್ಟಿ ಎಣಿಸಿದರು. ಕೊನೆಯದು ತೊಂಬತ್ತೇಳು, ಮೇಲಿನ ಸುತ್ತನ್ನು ಶಿವಮಲ್ಲುವೇ ಬಿಚ್ಚಿದ. ಮಿಕ್ಕ ಒಂದೊಂದನ್ನೂ ಅವನು ಎರಡೆರಡು ಸಲ ಎಣಿಸಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮುಗಿಯಿತು. ಹದಿನೈದಕ್ಕೂ ತೊಂಬತ್ತಾರೇ!

ಅಬ್ಬಾ! ಶಿವಮಲ್ಲು ನೆಲದ ಮೇಲೇ ಕುಸಿದು, ನಾಚಿಕೆ ಬಿಟ್ಟು ಅತ್ತ.

"ಕೆಲ್ಸದಿಂದ ತೆಗ್ದಾಕ್ಬುಡಿ ಮೇಡಮ್ಮೋರೆ."

"ತೆಗ್ದಾಕಿ ಇನ್ನೊಂದ್ ಮಿಷನ್‌ಗೆ ನಾನ್ ಸುತ್ಲಾ ಶಿವಮಲ್ಲಣ್ಣ?" ಕುದೇರಿನ ಹುಡುಗಿ ಬೆವರು ಒರೆಸಿಕೊಂಡು ನಕ್ಕಳು. "ಏಳಿ, ಅಂಟ ಕಲ್ಸನ."

ಮೂರು ಗಂಟೆಗೆ ಹುಯ್ದರು. ಮಾರನೆಯ ದಿನ ಶಿವಮಲ್ಲು ಉಗುರಿನಿಂದ ತಟ್ಟಿ ನೋಡಿದ. ಕಲ್ಲಾಗಿತ್ತು. ಇನ್ನು ಯಾರೂ ಬಿಚ್ಚಲಾರರು, ಬಿಚ್ಚಬೇಕಾಗಿಯೂ ಇಲ್ಲ.