ಅಕ್ಕ ಮಿಶ್ರಿ ಬಿಟ್ಟದ್ದು

ಅಕ್ಕನ ತೋರುಬೆರಳಿನ ತುದಿ ಸದಾ ಕಪ್ಪಗಿರುತ್ತಿತ್ತು. ಮದುವೆಯಾಗಿ ವಿಜಯಪುರದಿಂದ ಪುಣೆಯ ಬಿಬವೇವಾಡಿಗೆ ಬಂದ ಮೇಲೆ ಅವಳು ಅತ್ತೆಯಿಂದ ಕಲಿತದ್ದು ಮಿಶ್ರಿ. ತಂಬಾಕನ್ನು ಹೆಂಚಿನ ಮೇಲೆ ಕರಕಾಗಿ ಹುರಿದು, ಪುಡಿ ಮಾಡಿ, ದಿನಕ್ಕೆ ನಾಲ್ಕು ಸಲ ಹಲ್ಲಿಗೆ ತಿಕ್ಕುತ್ತಿದ್ದಳು. ಯಾರು ಏನೇ ಕಷ್ಟ ಹೇಳಿಕೊಂಡರೂ "ಇರ್ಲಿ ತಡಿ, ನೋಡೋಣಂತ" ಎನ್ನುತ್ತಿದ್ದಳು.

ನನ್ನ ಎರಡೂ ಕಿಡ್ನಿ ಕೈಕೊಟ್ಟಾಗಲೂ ಹಾಗೇ ಅಂದಳು. ಮನೆಯವರಲ್ಲಿ ನನಗೆ ಹೊಂದಿಕೆಯಾದದ್ದು ಅವಳ ಕಿಡ್ನಿ ಒಂದೇ. ನಾನೂ ಪುಣೆಯಲ್ಲೇ ಇದ್ದೆ; ವಾರಕ್ಕೆ ಮೂರು ದಿನ ಅಲ್ಲಿನ ಶಿವಾಜಿನಗರದಲ್ಲಿ ಡಯಾಲಿಸಿಸ್. ಸೂಜಿ ಚುಚ್ಚಲು ಕೈಯಲ್ಲಿ ಜಾಗವೇ ಉಳಿದಿರಲಿಲ್ಲ. ಆಪರೇಷನ್ನಿಗೆ ಮುಂಚೆ ಅಕ್ಕನ ಮೂತ್ರದಲ್ಲಿ ನಿಕೋಟಿನ್ನಿನ ಅಂಶ ಇದೆಯೇ ಎಂದು ನೋಡಿದರು. ಪಾಸಿಟಿವ್ ಬಂತು.

"ಸಿಗರೇಟು ಸೇದುತ್ತೀರಾ?" ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದಾಗ ಅಕ್ಕ ಕೆಂಡವಾದಳು. ಮಿಶ್ರಿಯ ವಿಷಯ ನಾನೇ ಹೇಳಿದೆ. "ಅದೂ ತಂಬಾಕೇ. ಇಬ್ಬರಿಗೂ ಅಪಾಯ. ಪೂರ್ತಿ ಬಿಡಿ, ತಿಂಗಳಾದ ಮೇಲೆ ಮತ್ತೆ ನೋಡೋಣ," ಎಂದರು.

ಆ ತಿಂಗಳು ಅವಳಿಗೆ ತಲೆಶೂಲೆ, ಕೈನಡುಕ. ಲವಂಗ ಅಗಿದು ಅಗಿದು ಬಾಯಿ ಹುಣ್ಣಾಯಿತು. ಆದರೂ ಎರಡನೆಯ ಸಲವೂ ಪಾಸಿಟಿವ್. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ತಡೀಲಿಕ್ಕಾಗ್ಲಿಲ್ಲ ತಂಗಿ. ಮೊನ್ನೆ ಒಮ್ಮೆ ಹಚ್ಚಿದೆ. ನಾನ ನಿನ್ನ ಕೊಲ್ಲಾಕತ್ತೀನಿ."

ನಾನು ಸಮಾಧಾನ ಹೇಳಲಿಲ್ಲ. ನನ್ನ ಕಾಲುಗಳು ಬಾತಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಇನ್ನೆಷ್ಟು ದಿನ ಎಂದು ಡಾಕ್ಟರೂ ಹೇಳುತ್ತಿರಲಿಲ್ಲ.

ಮೂರನೆಯ ಪರೀಕ್ಷೆಯ ಬೆಳಿಗ್ಗೆ ನನ್ನ ಮಗಳ ಮೂತ್ರವನ್ನು ಸಣ್ಣ ಬಾಟಲಿಯಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಹೋದೆ. ಪಾಯಖಾನೆಯ ಬಾಗಿಲಲ್ಲಿ ಅಕ್ಕನ ಕೈಗಿಟ್ಟು, "ಇದನ್ನ ಕೊಡು ಅಕ್ಕಾ. ನನಗ ಸಾಯೂದು ಬ್ಯಾಡ," ಎಂದು ಅತ್ತುಬಿಟ್ಟೆ.

ಅವಳು ಅದನ್ನು ನನ್ನೆದುರೇ ಚೆಲ್ಲಿದಳು. "ನಲವತ್ತು ದಿನ ಆತು, ಮುಟ್ಟಿಲ್ಲ. ನನ್ನ ನಂಬು. ಸುಳ್ಳು ಹೇಳಿ ಕೊಟ್ಟದ್ದು ನಿನ್ನ ಮೈಗೆ ಹತ್ತಂಗಿಲ್ಲ."

ನಾನು ನಂಬಲಿಲ್ಲ. ರಿಪೋರ್ಟು ಬರುವವರೆಗೆ ಎರಡು ದಿನ ಅವಳ ಫೋನು ಕೂಡ ಎತ್ತಲಿಲ್ಲ. ನೆಗೆಟಿವ್ ಬಂತು.

ಆಪರೇಷನ್ ಆದ ನಾಲ್ಕನೆಯ ವರ್ಷ, ಒಂದು ಮುಂಜಾನೆ ಚಹಾ ಸೋಸುತ್ತಿದ್ದ ಅಕ್ಕ ಹಾಗೇ ಬಿದ್ದಳಂತೆ. ಹೃದಯ ನಿಂತಿತ್ತು. ನಾನು ಹೋಗುವ ಹೊತ್ತಿಗೆ ಹೊರಗಿನ ಖೋಲಿಯಲ್ಲಿ ಮಲಗಿಸಿದ್ದರು. ಹೆಣ ಎತ್ತುವವರೆಗೆ ಮನೆಯಲ್ಲಿ ಯಾರೂ ಹನಿ ನೀರು ಕುಡಿಯುವಂತಿರಲಿಲ್ಲ. ಒಂಬತ್ತು ಗಂಟೆಗೆ ಭಾವ ಎದ್ದು ಹೋಗಿ ಒಂದು ಲೋಟ ನೀರು ತಂದರು. "ನಿನ್ನ ಗುಳಿಗಿ ಹೊತ್ತಾತು. ತಪ್ಪಸಬ್ಯಾಡ," ಎಂದರು.

ಅವಳು ಕೊಟ್ಟ ಕಿಡ್ನಿಯನ್ನು ನನ್ನ ಮೈ ಹೊರಗಿನದೆಂದು ದೂಡದಂತೆ, ಹೊತ್ತು ಮೀರದೆ ನುಂಗಬೇಕಾದ ಗುಳಿಗೆ ಅದು. ಅಕ್ಕನ ಕಾಲ ಬಳಿ ಕೂತು, ಎಲ್ಲರೂ ನೋಡುತ್ತಿದ್ದಂತೆ, ನುಂಗಿದೆ.