ಸಿಂಗಾಪುರ ಡೊಮಿನಿಕರ ಹೆಬ್ಬೆರಳು

ಶಂಕರಪುರದ ಡೊಮಿನಿಕ್ ವಿಮಾನ ಹತ್ತಿದವರಲ್ಲ. ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಕಾಲದಲ್ಲಿ ಒಮ್ಮೆ ಸಿಂಗಾಪುರದಲ್ಲಿ ಇಳಿದು, ಬಂದರಿನ ಎದುರು ಅರ್ಧ ದಿನ ತಿರುಗಾಡಿ, ಒಂದು ಕೊಡೆ ಕೊಂಡಿದ್ದರು. ಊರಿಗೆ ಅಷ್ಟು ಸಾಕಾಯಿತು. ೧೯೭೫ರಿಂದ ಅವರು ಸಿಂಗಾಪುರ ಡೊಮಿನಿಕ್. ವಿಮಾನದ ವಿಷಯದಲ್ಲಿ ಕಾಪುವಿನಿಂದ ಬೆಳ್ಮಣ್‌ವರೆಗೆ ಅವರದೇ ಕೊನೆಯ ಮಾತು.

ವಿಠಲನ ಹೋಟೆಲಿನ ಗೋಡೆಯಲ್ಲಿ ವಿಮಾನ ಕಂಪೆನಿಯೊಂದರ ಹಳೆಯ ಕ್ಯಾಲೆಂಡರ್ ಇತ್ತು. ತಿಂಗಳುಗಳು ಹರಿದುಹೋಗಿ ಪ್ರಪಂಚದ ನಕ್ಷೆ ಮಾತ್ರ ಉಳಿದಿತ್ತು. ಯಾರಾದರೂ ದೂರ ಕೇಳಿದರೆ ಡೊಮಿನಿಕ್ ಎದ್ದು ಅದರ ಮೇಲೆ ಹೆಬ್ಬೆರಳು ಒತ್ತುತ್ತಿದ್ದರು. ಎರಡೂ ಊರು ಮುಚ್ಚಿಹೋದರೆ ಹತ್ತಿರ, ಇಲ್ಲದಿದ್ದರೆ ದೂರ. ಅದೇ ಬೆರಳಿನಡಿ ಮಂಗಳೂರೂ ಬೊಂಬಾಯಿಯೂ ಒಟ್ಟಿಗೆ ಮುಚ್ಚಿಹೋಗುತ್ತಿದ್ದವು. ಬೊಂಬಾಯಿ ಬಸ್ಸಿನಲ್ಲಿ ಹಗಲೂ ರಾತ್ರಿಯೂ ಕುಳಿತು ಸೊಂಟ ಕಳೆದುಕೊಂಡವರೂ ಅದನ್ನು ನೋಡಿ ಹೌದೆಂದು ತಲೆಯಾಡಿಸುತ್ತಿದ್ದರು.

೧೯೮೨ರಲ್ಲಿ ಮಲ್ಲಿಗೆ ಬೆಳೆಯುವ ಪ್ರೆಸಿಲ್ಲಾ ಅವರ ಮಗಳು ಪ್ಯಾಟ್ರಿಶಿಯಾಳ ಮದುವೆ ಬ್ಯಾಂಕಾಕಿನಲ್ಲಿ ಗೊತ್ತಾಯಿತು. ಅವಳು ಅಲ್ಲಿ ಟೀಚರ್. ತಾಯಿಗೆ ಹೋಗುವ ಅನುಕೂಲವಿರಲಿಲ್ಲ. ಮಗಳ ಮುಡಿಗೆ ತನ್ನ ಗಿಡದ ಹೂವಾದರೂ ಹೋಗಬೇಕೆಂಬುದು ಆಕೆಯ ಹಠ. ಪರದೇಶಕ್ಕೆ ಹೊರಟವರ ಕೈಯಲ್ಲಿ ಗಂಟು ಕಳಿಸುವುದು ಇಲ್ಲಿಯ ರೂಢಿ, ಬೇಡವೆಂದವನು ಅಹಂಕಾರಿ. ಆ ವಾರ ಮಣಿಪಾಲದ ಡಾಕ್ಟರ್ ಕೃಷ್ಣರಾಜ ಸಮ್ಮೇಳನಕ್ಕೆಂದು ಸಿಂಗಾಪುರಕ್ಕೆ ಹೊರಟಿದ್ದರು.

“ಅಲ್ಲಿಂದ ಬ್ಯಾಂಕಾಕಿಗೆ ತುಂಬಾ ದೂರ ಉಂಟಾ, ಡೊಮಿನಿಕ್ ಬಾಬ್?” ಪ್ರೆಸಿಲ್ಲಾ ಹೋಟೆಲಿಗೆ ಬಂದು ಕೇಳಿದರು.

ಹೆಬ್ಬೆರಳು ನಕ್ಷೆಯ ಮೇಲೆ ಕುಳಿತಿತು. “ಎಂತ ದೂರ, ಬಾಯಿ? ಕಾಪುವಿನಿಂದ ಉಡುಪಿಗೆ ಹೋದ ಹಾಗೆ. ವಿಮಾನ ಏರಿತು, ಇಳಿಯಿತು. ಡಾಕ್ಟರು ಕಾಫಿ ಕುಡಿದು ಹೊರಟರೆ ಊಟಕ್ಕೆ ವಾಪಸ್ಸು.”

“ನೀವು ಹೋಗಿದ್ದೀರಾ ಪೊರ್ಬುಗಳೇ?” ವಿಠಲ ಗ್ಲಾಸು ತೊಳೆಯುತ್ತಲೇ ಕೇಳಿದ.

“ಸಿಂಗಾಪುರದಲ್ಲಿ ನಿಂತು ಆ ಕಡೆ ನೋಡಿದ್ದೇನೆ ಮಾರಾಯ.”

ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಡಾಕ್ಟರ ಜೊತೆ ಹಾರಿತು. ಸಿಂಗಾಪುರದ ಕೌಂಟರಿನಲ್ಲಿ ಅವರಿಗೆ ತಿಳಿದದ್ದಿಷ್ಟು: ಬ್ಯಾಂಕಾಕ್ ಬೇರೆ ದೇಶ, ಬೇರೆ ಟಿಕೆಟು, ಬೇರೆ ವೀಸಾ. ಆಕಾಶದಲ್ಲೇ ಸಾವಿರದ ನಾನೂರು ಕಿಲೋಮೀಟರು, ಅಂದರೆ ಮಂಗಳೂರಿನಿಂದ ಬೊಂಬಾಯಿಗೆ ಹಾರಿ ಮರಳಿ ಬಂದಷ್ಟು. ಹೂವು ಅವರ ಕೋಣೆಯಲ್ಲಿ ಕಂದಿತು. ಊರಿಗೆ ಬಂದವರೇ ಪ್ರೆಸಿಲ್ಲಾ ಅವರ ಮನೆಗೆ ಹೋಗಿ, ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದರು.

“ಡಾಕ್ಟರು ಕೇಳಿದ ಕೌಂಟರು ಸರಿ ಇಲ್ಲ,” ಎಂದರು ಡೊಮಿನಿಕ್. ಹೋಟೆಲಿನಲ್ಲಿದ್ದ ಅರ್ಧ ಜನ ಒಪ್ಪಿದರು.

ಕೆಲವು ವಾರಗಳ ನಂತರ ಮದುವೆಯ ಫೋಟೋ ಬಂತು. ಪ್ಯಾಟ್ರಿಶಿಯಾಳ ಮುಡಿಯಲ್ಲಿ ಪ್ಲಾಸ್ಟಿಕ್ ಹೂವು. ಪ್ರೆಸಿಲ್ಲಾ ಆ ಫೋಟೋ ಹಿಡಿದು ನೇರವಾಗಿ ಹೋಟೆಲಿಗೆ ಬಂದರು. ವಿಠಲನಿಂದ ಒಂದು ಮುಷ್ಟಿ ಅನ್ನ ಕೇಳಿ ಪಡೆದು, ಹಿಸುಕಿ, ಫೋಟೋದ ಬೆನ್ನಿಗೆ ಹಚ್ಚಿ, ಸಿಂಗಾಪುರದಿಂದ ಬ್ಯಾಂಕಾಕಿನವರೆಗೆ ಮುಚ್ಚುವಂತೆ ನಕ್ಷೆಗೆ ಅಂಟಿಸಿದರು.

“ಇನ್ನು ಕೇಳಿದವರಿಗೆ ಇದನ್ನು ತೋರಿಸಿ, ಬಾಬ್. ಇಷ್ಟು ದೂರ ಉಂಟು.”

ಡೊಮಿನಿಕ್ ಚಹಾ ಮುಗಿಸಿ ಎದ್ದುಹೋದರು. ಫೋಟೋ ಕೀಳಲು ವಿಠಲ ಯಾರಿಗೂ ಬಿಡಲಿಲ್ಲ. ಮರುವಾರದಿಂದ ಹೆಬ್ಬೆರಳು ಪಶ್ಚಿಮಕ್ಕೆ ಸರಿದು, ಗಲ್ಫಿನ ದೂರ ಹೇಳತೊಡಗಿತು. ಕೇಳುವವರಿಗೆ ಕೊರತೆಯಾಗಲಿಲ್ಲ.